ಗರಗಸ ಯಾವ ಬದಿಗೆ? ಜಪಾನೀ ಫ್ಯೂಸ್ ಸಂಗ್ರಾಹಕರಿಗೊಂದು ಬಹಿರಂಗ ಪತ್ರ

ಎರಡನೇ ಮಹಾಯುದ್ಧದ ಜಪಾನೀ ತೋಪಿನ ಫ್ಯೂಸ್‌ಗಳನ್ನು ಕೂಡಿಡುವ, ಸೀಳಿ ಒಳಗನ್ನು ತೋರಿಸುವ ಎಲ್ಲ ಗೆಳೆಯರಿಗೆ,



ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ, ಕಾರಣ ಆಮೇಲೆ. ಫ್ಯೂಸ್ ಸೀಳುವಾಗ ಅಕ್ಷರ ಒತ್ತಿರುವ ಬದಿಯನ್ನು ಉಳಿಸಿ. ಅದು ಎಲ್ಲಿ ಸಿಕ್ಕಿತು ಎಂಬುದನ್ನು ಪಕ್ಕದ ಚೀಟಿಯಲ್ಲಿ ಬರೆಯಿರಿ. ಎಲ್ಲಿ ಸಿಕ್ಕಿತೆಂದು ಮಾರುವವನು ಬಾಯಿ ಬಿಡದಿದ್ದರೆ ಕೊಳ್ಳಬೇಡಿ.

ನಾನು ಈ ಹವ್ಯಾಸದ ಶತ್ರು ಅಲ್ಲ. ಟೂಲ್‌ರೂಮಿನಲ್ಲಿ ದುಡಿದು ನಿವೃತ್ತನಾದವನು. ಅಪ್ರೆಂಟಿಸ್ ಹುಡುಗರಿಗೆ ತೋರಿಸಲೆಂದು ಪಂಪು, ವಾಲ್ವು, ಗೇರ್‌ಬಾಕ್ಸುಗಳ ಕಟ್ ಸೆಕ್ಷನ್ ಮಾಡಿದ್ದೇನೆ. ಅದು ಎಷ್ಟು ತಾಳ್ಮೆ ಬೇಡುವ ಕೆಲಸ ಎಂದು ಗೊತ್ತು. ಹೊರಮೈಯನ್ನು ಕತ್ತರಿಸಬೇಕು, ಒಳಗಿನ ಸ್ಪ್ರಿಂಗಿಗೆ ಬ್ಲೇಡು ತಾಗಬಾರದು. ಪಿನ್ನು ಅರ್ಧವಾಗದೆ ಇಡಿಯಾಗಿ ತನ್ನ ಜಾಗದಲ್ಲಿ ಕೂತಿರಬೇಕು. ಅಂಚಿನಲ್ಲಿ ಬರ್ ಉಳಿಯಬಾರದು, ಸೀಳಿದ ಮುಖಕ್ಕೆ ಬಳಿದ ಕೆಂಪು ಬಣ್ಣ ಗೆರೆ ದಾಟಬಾರದು. ನಿಮ್ಮಲ್ಲಿ ಕೆಲವರ ಕೈಕೆಲಸ ನೋಡಿದಾಗ ಹೊಟ್ಟೆಕಿಚ್ಚು ಪಟ್ಟಿದ್ದೂ ಉಂಟು. ತಕರಾರಿರುವುದು ಕೈಯ ಬಗ್ಗೆ ಅಲ್ಲ, ಗರಗಸ ಇಡಲು ನೀವು ಆರಿಸುವ ಜಾಗದ ಬಗ್ಗೆ.

ಈ ಪತ್ರ ಕಣ್ಣಿಗೆ ಬೀಳುವ ಉಳಿದವರಿಗಾಗಿ ಎರಡು ಮಾತು. ಇಲ್ಲಿ ಫ್ಯೂಸ್ ಎಂದರೆ ಮನೆಯ ಮೀಟರ್ ಬೋರ್ಡಿನದಲ್ಲ. ತೋಪಿನ ಗುಂಡಿನ ಮೂತಿಗೆ ತಿರುಪು ಹಾಕಿ ಕೂರಿಸುವ, ಅಂಗೈಯಲ್ಲಿ ಹಿಡಿಸುವ, ಬಹುಪಾಲು ಹಿತ್ತಾಳೆಯ ಸಾಧನ. ಗುಂಡು ಯಾವಾಗ ಸಿಡಿಯಬೇಕು ಎಂಬುದನ್ನು ತೀರ್ಮಾನಿಸುವುದು ಇದೇ. ಯಾವಾಗ ಸಿಡಿಯಕೂಡದು ಎಂಬುದನ್ನೂ ಇದೇ ನೋಡಿಕೊಳ್ಳಬೇಕು, ಕಷ್ಟವಿರುವುದು ಅಲ್ಲೇ. ಕುದುರೆಯ ಬೆನ್ನಿನಿಂದ ಪೆಟ್ಟಿಗೆ ಉರುಳಿ ಬಿದ್ದರೂ ಸುಮ್ಮನಿರಬೇಕು. ತೋಪು ಹಾರಿಸಿದ ಕ್ಷಣದ ಭಯಂಕರ ಎಳೆತಕ್ಕೂ ಸುಮ್ಮನಿರಬೇಕು. ನಳಿಗೆ ದಾಟಿದ ಮೇಲೆ ಮಾತ್ರ ಎಚ್ಚರಗೊಳ್ಳಬೇಕು. ನಳಿಗೆಯೊಳಗಿನ ಸುರುಳಿ ಗೀರುಗಳಿಂದಾಗಿ ಗುಂಡು ಗಿರಗಿರ ತಿರುಗುತ್ತಾ ಹೊರಡುತ್ತದೆ. ಜಾತ್ರೆಯ ತೊಟ್ಟಿಲು ಜೋರಾದಾಗ ಕೂತವರು ಹೊರಕ್ಕೆ ವಾಲುವ ಹಾಗೆ, ಸ್ಟ್ರೈಕರ್ ಪಿನ್ನನ್ನು ತಡೆದು ನಿಂತಿದ್ದ ಪುಟ್ಟ ಹಿತ್ತಾಳೆ ತುಂಡುಗಳು ಆ ತಿರುಗಿನಲ್ಲಿ ಹೊರಕ್ಕೆ ಸರಿಯುತ್ತವೆ. ಪಿನ್ನಿನ ದಾರಿ ತೆರೆದುಕೊಳ್ಳುತ್ತದೆ. ಆಮೇಲೆ ನೆಲ ತಾಗುವುದೊಂದೇ ಬಾಕಿ.

ಜಪಾನೀ ಭೂಸೇನೆಯ ಫ್ಯೂಸ್‌ಗಳಲ್ಲಿ ನಿಮಗೆಲ್ಲ ಚೆನ್ನಾಗಿ ಪರಿಚಯವಿರುವುದು ಟೈಪ್ 88. ಅದರಲ್ಲಿ ತಾಗಿದೊಡನೆ ಸಿಡಿಯುವುದೊಂದು, ಚೂರು ತಡೆದು ಸಿಡಿಯುವುದೊಂದು. ಎರಡನೆಯದು ಗುಂಡಿಗೆ ಮಣ್ಣಿನೊಳಕ್ಕೋ ಮರದ ತೊಲೆಯ ಮಾಡಿನೊಳಕ್ಕೋ ಇಳಿಯಲು ಅವಕಾಶ ಕೊಡುತ್ತದೆ. ಮೈದಾನದ ತೋಪು, ಗುಡ್ಡಗಾಡಿನ ತೋಪು, ಉದ್ದ ನಳಿಗೆಯ ತೋಪು ಇವಕ್ಕೆ ಒಂದು ಬಗೆ. ಹೊವಿಟ್ಜರ್ ಮತ್ತು ಮಾರ್ಟರ್‌ಗಳಿಗೆ ಇನ್ನೊಂದು. ಯಾವುದು ಯಾವುದಕ್ಕೆ ಎಂದು ಮೈಮೇಲೆಯೇ ಕಾಂಜಿ ಅಕ್ಷರಗಳಲ್ಲಿ ಒತ್ತಿರುತ್ತಾರೆ. ತೋಪು ಬೇರೆಯಾದರೆ ಎಳೆತವೂ ತಿರುಗೂ ಬೇರೆ. ಹೊವಿಟ್ಜರಿನ ಮೆಲ್ಲನೆಯ ತಿರುಗಿಗೆ ಎಚ್ಚರಗೊಳ್ಳುವ ಫ್ಯೂಸ್ ಉದ್ದ ನಳಿಗೆಯ ಎಳೆತಕ್ಕೆ ಹೊಂದಬೇಕೆಂದಿಲ್ಲ. ಅಲ್ಲಿ ಅದಲುಬದಲಾದರೆ ತೋಪಿನವರ ಕಥೆ ಮುಗಿದ ಹಾಗೆ.

ಜಪಾನೀಯರಿಗೆ ಈ ಪಾಠ ಹಳೆಯದು. ನೌಕಾ ಅಧಿಕಾರಿ ಇಜುಯಿನ್ ಗೊರೊ ಹೆಸರಿನ ಫ್ಯೂಸ್ 1900ರಲ್ಲಿ ಅವರ ನೌಕಾಪಡೆಗೆ ಬಂತು. 1905ರ ತ್ಸುಶಿಮಾ ಕದನದಲ್ಲಿ ಅದು ರಷ್ಯನ್ ಹಡಗುಗಳ ಹಗ್ಗಕ್ಕೋ ಹೊಗೆಕೊಳವೆಗೋ ತಾಗಿದರೂ ಸಿಡಿಯುವಷ್ಟು ಸೂಕ್ಷ್ಮವಾಗಿತ್ತು. ಅದೇ ಕದನದಲ್ಲಿ ನಿಶ್ಶಿನ್ ಎಂಬ ಜಪಾನೀ ಹಡಗಿನ ತೋಪಿನ ನಳಿಗೆಗಳು ಮುರಿದವು, ಅದರಲ್ಲಿದ್ದ ಒಬ್ಬ ಎಳೆಯ ಅಧಿಕಾರಿ ಎಡಗೈಯ ಎರಡು ಬೆರಳು ಕಳೆದುಕೊಂಡ. ಶತ್ರುವಿನ ಗುಂಡು ಬಿತ್ತೋ, ಸ್ವಂತ ಗುಂಡು ನಳಿಗೆಯಲ್ಲೇ ಸಿಡಿಯಿತೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಆ ಅಧಿಕಾರಿ ಮುಂದೆ ಪರ್ಲ್ ಹಾರ್ಬರ್ ದಾಳಿಯ ರೂವಾರಿಯಾದ ಯಮಾಮೊಟೊ ಇಸೊರೊಕು.

ಹೀಗಾಗಿ ಒಳಗನ್ನು ನೋಡಬೇಕೆಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಒಂದು ವಿಷಯ ಯೋಚಿಸಿ. ಒಳಗೇನಿದೆ ಎಂಬುದು ಗುಟ್ಟಲ್ಲ. ಯುದ್ಧ ನಡೆಯುತ್ತಿದ್ದಾಗಲೇ ಅಮೆರಿಕನ್ ನೌಕಾಪಡೆಯ ತಜ್ಞರ ತಂಡಗಳು ಪೆಸಿಫಿಕ್ ದ್ವೀಪಗಳಲ್ಲಿ ಸಿಕ್ಕ ಜಪಾನೀ ಮದ್ದುಗುಂಡುಗಳನ್ನು ಬಿಚ್ಚಿ ಚಿತ್ರ ಬರೆದುಕೊಂಡವು. ಸಿಡಿಯದೆ ಬಿದ್ದಿದ್ದನ್ನು ನಿಷ್ಕ್ರಿಯಗೊಳಿಸುವವರ ಜೀವ ಉಳಿಯಲಿ ಎಂಬುದು ಅದರ ಉದ್ದೇಶ. ಆ ನೌಕಾಪಡೆಯ ಜಪಾನೀ ಸ್ಫೋಟಕಗಳ ಕೈಪಿಡಿಯ ಮೇಲಿರುವ ತಾರೀಕು 1945ರ ಆಗಸ್ಟ್ 15, ಅಂದರೆ ಚಕ್ರವರ್ತಿಯ ಧ್ವನಿ ರೇಡಿಯೊದಲ್ಲಿ ಶರಣಾಗತಿ ಸಾರಿದ ದಿನ. 1953ರಲ್ಲಿ ಅಮೆರಿಕನ್ ಭೂಸೇನೆ ಮತ್ತು ವಾಯುಸೇನೆ ಸೇರಿ ಇನ್ನೂ ವಿಸ್ತಾರವಾದ ಸಂಪುಟಗಳನ್ನು ತಂದವು. ಸೀಳುಚಿತ್ರಗಳು ಅವುಗಳಲ್ಲಿ ಪುಟಗಟ್ಟಲೆ ಇವೆ. ಟೈಪ್ 88ರ ಒಳಗು ಒಂದನ್ನು ನೋಡಿದರೆ ಅದೇ ಬಗೆಯ ಎಲ್ಲವನ್ನೂ ನೋಡಿದ ಹಾಗೆ. ಅಳತೆಗೆ ಅಳತೆ ಕೂಡಲೆಂದೇ ಕಾರ್ಖಾನೆ ಇರುವುದು. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿರುವುದು ಹೊರಗೆ, ಅಕ್ಷರ ಒತ್ತಿದ ಕಡೆ. ಎಲ್ಲದರಲ್ಲೂ ಇರುವುದನ್ನು ತೋರಿಸುವ ಆತುರಕ್ಕೆ ಅದೊಂದರಲ್ಲೇ ಇರುವುದನ್ನು ಪುಡಿಮಾಡಿ ಕಸದ ಬುಟ್ಟಿಗೆ ಹಾಕುತ್ತಿದ್ದೀರಿ.

ಆ ಅಕ್ಷರಗಳಲ್ಲಿ ಏನೆಲ್ಲ ಇದೆ ನೋಡಿ. ಟೈಪ್ 88 ಎಂಬ ಹೆಸರು ಬಂದದ್ದು ಜಿಮ್ಮು ಚಕ್ರವರ್ತಿಯಿಂದ ಎಣಿಸುವ ಶಕೆಯಿಂದ. ಆ ಲೆಕ್ಕದ 2588 ಎಂದರೆ ನಮ್ಮ 1928. 1940ಕ್ಕೆ 2600 ತುಂಬಿದಾಗ ಭೂಸೇನೆ ಅದನ್ನು ಟೈಪ್ 100 ಎಂದಿತು, ನೌಕಾಪಡೆ ಸೊನ್ನೆ ಎಂದಿತು. ಝೀರೊ ವಿಮಾನದ ಹೆಸರು ಅಲ್ಲಿಂದಲೇ. ತಯಾರಾದ ವರ್ಷವನ್ನು ಮಾತ್ರ ಹಾಗೆ ಎಣಿಸುವುದಿಲ್ಲ, ಅದಕ್ಕೆ ಆಗಿನ ಚಕ್ರವರ್ತಿಯ ಶೋವಾ ಲೆಕ್ಕ. ಶೋವಾ 16 ಎಂದರೆ 1941, ಶೋವಾ 19 ಎಂದರೆ 1944. ಒಂದೇ ಹಿತ್ತಾಳೆ ತುಂಡಿಗೆ ಎರಡು ಪಂಚಾಂಗ. ಪಕ್ಕದಲ್ಲಿ ಕಾರ್ಖಾನೆಯ ಗುರುತು. ಅಲ್ಲಿಗೆ ಬಂದರೆ ಕಥೆ ನಿಜಕ್ಕೂ ಶುರುವಾಗುತ್ತದೆ.

ಓಸಾಕಾದ ಗುರುತನ್ನೇ ತೆಗೆದುಕೊಳ್ಳಿ. ಓಸಾಕಾ ಕೋಟೆಯ ಪಕ್ಕದಲ್ಲಿ 1870ರಲ್ಲಿ ಶುರುವಾದ ಶಸ್ತ್ರಾಗಾರ ಅದು. ಭೂಸೇನೆಯ ತೋಪು ತಯಾರಿಕೆಯ ಮುಖ್ಯ ನೆಲೆ. ಯುದ್ಧದ ಕೊನೆಯ ವರ್ಷಗಳಲ್ಲಿ ಅಲ್ಲಿ ಹತ್ತಾರು ಸಾವಿರ ಜನ ದುಡಿಯುತ್ತಿದ್ದರು. 1945ರ ಆಗಸ್ಟ್ 14ರಂದು, ಶರಣಾಗತಿಗೆ ಒಂದೇ ದಿನ ಬಾಕಿ ಇರುವಾಗ, ಬಿ-29 ವಿಮಾನಗಳು ಅದನ್ನು ನೆಲಸಮ ಮಾಡಿದವು. ಗುರಿ ತಪ್ಪಿದ ಬಾಂಬು ಪಕ್ಕದ ಕ್ಯೋಬಾಶಿ ರೈಲು ನಿಲ್ದಾಣದ ಮೇಲೆ ಬಿದ್ದು ನೂರಾರು ಪ್ರಯಾಣಿಕರು ಸತ್ತರು. ಆಮೇಲೆ ಆ ಜಾಗ ವರ್ಷಗಟ್ಟಲೆ ಹಾಳು ಬಿತ್ತು. 1950ರ ದಶಕದಲ್ಲಿ ರಾತ್ರಿ ಹೊತ್ತು ನುಗ್ಗಿ ಅಲ್ಲಿನ ಲೋಹವನ್ನು ಅಗೆದು ಗುಜರಿಗೆ ಮಾರುವ ಬಡವರ ಗುಂಪೊಂದು ಹುಟ್ಟಿಕೊಂಡಿತು. ಅವರಲ್ಲಿ ಜಪಾನಿನಲ್ಲೇ ಉಳಿದುಹೋದ ಕೊರಿಯನ್ನರು ಬಹಳ. ಪತ್ರಿಕೆಗಳು ಅವರನ್ನು ಅಪಾಚೆಗಳು ಎಂದು ಕರೆದವು. ಕೈಕೊ ತಕೇಶಿ 1959ರಲ್ಲಿ, ಕೊಮಾತ್ಸು ಸಾಕ್ಯೊ 1964ರಲ್ಲಿ, ಬಹಳ ಕಾಲದ ನಂತರ ಯಾನ್ ಸೊಗಿರು, ಮೂವರೂ ಅವರ ಮೇಲೆ ಕಾದಂಬರಿ ಬರೆದರು. ಕೊಮಾತ್ಸುವಿನ ಕಾದಂಬರಿಯಲ್ಲಂತೂ ಆ ಜನ ಕಬ್ಬಿಣವನ್ನೇ ತಿಂದು ಬದುಕುವ ಹೊಸ ಜೀವಿಗಳಾಗಿಬಿಡುತ್ತಾರೆ. ನಿಮ್ಮ ಶೋಕೇಸಿನ ಫ್ಯೂಸಿನ ಮೇಲೆ ಓಸಾಕಾದ ಗುರುತಿದ್ದರೆ ಇಷ್ಟೂ ಅದರ ಜಾತಕ. ಅದರ ಮೇಲೆಯೇ ಗರಗಸ ಆಡಿಸಿದರೆ ಉಳಿಯುವುದು ಒಂದು ಸ್ಪ್ರಿಂಗು, ಒಂದು ಪಿನ್ನು.

ನೌಕಾಪಡೆಯದ್ದಾದರೆ ಕಥೆ ಇನ್ನೂ ಕಠೋರ. ಐಚಿ ಪ್ರಾಂತ್ಯದ ತೊಯೊಕಾವಾದಲ್ಲಿ 1939ರಲ್ಲಿ ನೌಕಾ ಶಸ್ತ್ರಾಗಾರ ತೆರೆಯಿತು. ಗಂಡಸರು ಸೈನ್ಯಕ್ಕೆ ಹೋದ ಮೇಲೆ ಶಾಲೆ ಬಿಡಿಸಿ ಕರೆತಂದ ಹುಡುಗ ಹುಡುಗಿಯರೂ ಅಲ್ಲಿ ದುಡಿದರು. 1945ರ ಆಗಸ್ಟ್ 7ರ ಬೆಳಿಗ್ಗೆ ಅರ್ಧ ಗಂಟೆಗೂ ಕಡಿಮೆ ಹೊತ್ತು ನಡೆದ ಬಾಂಬ್ ದಾಳಿಯಲ್ಲಿ 2,500ಕ್ಕೂ ಹೆಚ್ಚು ಜನ ಸತ್ತರು. 2018ರಲ್ಲಿ ಅಲ್ಲಿ ಶಾಂತಿ ಉದ್ಯಾನ ತೆರೆದರು. ಅವರು ಉಳಿಸಿಕೊಂಡಿರುವ ಕಟ್ಟಡಗಳಲ್ಲಿ ಒಂದು ಹಳೆಯ ಮದ್ದಿನ ಕೋಣೆ, ಇನ್ನೊಂದು ಫ್ಯೂಸ್ ಇಡುತ್ತಿದ್ದ ಉಗ್ರಾಣ. ಜಪಾನೀಯರು ಫ್ಯೂಸ್‌ಗಳ ಖಾಲಿ ಗೋದಾಮನ್ನು ನೆನಪಿಗೆಂದು ಕಾಪಾಡುತ್ತಿದ್ದಾರೆ. ಅದರೊಳಗೆ ಇದ್ದಂಥ ವಸ್ತುವನ್ನು ನಾವು ಗುರುತು ಅಳಿಸಿ ಹೊಳಪು ಕೊಟ್ಟು ನಿಲ್ಲಿಸುತ್ತಿದ್ದೇವೆ. ಹೊಳಪಿನ ಮಾತು ಬಂದದ್ದರಿಂದ ಹೇಳುತ್ತೇನೆ: ಹಿತ್ತಾಳೆಯನ್ನು ಬ್ರಾಸೋ ಹಚ್ಚಿ ಕನ್ನಡಿಯಂತೆ ಉಜ್ಜುವ ಚಟ ಗರಗಸಕ್ಕಿಂತ ಕೆಟ್ಟದ್ದು. ಗರಗಸ ಒಂದು ಸಲ ತಿನ್ನುತ್ತದೆ, ಬ್ರಾಸೋ ಪ್ರತಿ ಭಾನುವಾರ ತಿನ್ನುತ್ತದೆ.

ಆ ಹಿತ್ತಾಳೆ ಎಲ್ಲಿಂದ ಬಂತು ಎಂಬುದೂ ಯೋಚಿಸಬೇಕಾದ್ದೇ. 1941ರಲ್ಲಿ ಜಪಾನ್ ಸರ್ಕಾರ ಲೋಹ ಸಂಗ್ರಹದ ಆಜ್ಞೆ ಹೊರಡಿಸಿತು. ಬೌದ್ಧ ದೇವಾಲಯಗಳ ಗಂಟೆಗಳು ಹೋದವು. ಸತ್ತ ಯಜಮಾನನಿಗಾಗಿ ಶಿಬುಯಾ ನಿಲ್ದಾಣದಲ್ಲಿ ಕಾದ ಹಾಚಿಕೊ ನಾಯಿಯ ಕಂಚಿನ ಪ್ರತಿಮೆಯೂ ಕುಲುಮೆಗೆ ಹೋಯಿತು. ಈಗ ಅಲ್ಲಿರುವುದು 1948ರಲ್ಲಿ ಮತ್ತೆ ಮಾಡಿದ್ದು. ಕೊನೆಕೊನೆಗೆ ಲೋಹ ಸಾಲದೆ ಅರಿತಾ, ಸೆತೊ, ಬಿಜೆನ್‌ನಂಥ ಕುಂಬಾರಿಕೆಯ ಊರುಗಳ ಗೂಡುಗಳಲ್ಲಿ ಪಿಂಗಾಣಿಯ ಕೈಬಾಂಬು ಸುಟ್ಟರು. ಅಂಥ ಬರಗಾಲದಲ್ಲಿ ಇಷ್ಟು ನಿಖರವಾಗಿ ತಿರುವಿದ ಹಿತ್ತಾಳೆ ಎಂದರೆ, ಟೂಲ್‌ರೂಮಿನವನಾಗಿ ನನಗೆ ಮೆಚ್ಚುಗೆಯೂ ಆಗುತ್ತದೆ, ಹೊಟ್ಟೆಯೂ ತೊಳಸುತ್ತದೆ.

ಗಡಿಯಾರದ ಯಂತ್ರ ಅಡಗಿರುವ ಕಾಲ ಫ್ಯೂಸ್‌ಗಳನ್ನು ಸೀಳುವವರಿಗೆ ಒಂದು ಚಿಕ್ಕ ಸಂಗತಿ. ಹಳೆಯ ಬಗೆಯಲ್ಲಿ ಕಪ್ಪು ಮದ್ದಿನ ಉಂಗುರ ಉರಿಯುತ್ತಾ ಹೋಗಿ ಹೊತ್ತು ಅಳೆಯುತ್ತಿತ್ತು. ಎತ್ತರಕ್ಕೆ ಹೋದಂತೆ, ಗಾಳಿ ತೆಳುವಾದಂತೆ ಮದ್ದು ನಿಧಾನಿಸುತ್ತದೆ. ವಿಮಾನಕ್ಕೆ ಗುರಿಯಿಟ್ಟವರಿಗೆ ಅದು ತಲೆನೋವು. ಗಡಿಯಾರದ ಫ್ಯೂಸ್ ಬಂದದ್ದು ಅದಕ್ಕೆ. ಯುದ್ಧದಲ್ಲಿ ಸೈಕೋಶಾದಂಥ ಗಡಿಯಾರ ಕಾರ್ಖಾನೆಗಳೂ ಈ ಕೆಲಸಕ್ಕೆ ತಿರುಗಿದವು. ಇದೇ ಸೈಕೋಶಾದ ಪೈಪೋಟಿಯ ಕಂಪನಿ ಸಿಟಿಜನ್‌ನ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯಿತು. ಯುದ್ಧ ಮುಗಿದು ಹದಿನಾರೇ ವರ್ಷ. ನಮ್ಮ ಅಪ್ಪಂದಿರ ಕೈಗೆ ಬಂದ ವಾಚಿನ ಹಿಂದಿನ ವಿದ್ಯೆ ಎಂಥ ಕಾಲವನ್ನು ದಾಟಿ ಬಂದಿತ್ತು ಎಂದು ಯಾರೂ ಆಗ ಕೇಳಿದಂತಿಲ್ಲ.

ಇನ್ನು ಚೀಟಿಯ ಮಾತು. ನಿಮ್ಮ ಚೀಟಿಗಳಲ್ಲಿ ಬಗೆಯ ಹೆಸರು, ಅಳತೆ, ಒಳಗಿನ ಭಾಗಗಳ ಪಟ್ಟಿ ಇರುತ್ತವೆ. ಇದು ಯಾರ ಕಡೆಗೆ ಹಾರಿತ್ತು ಎಂಬುದು ಮಾತ್ರ ಇರುವುದಿಲ್ಲ. ನಮ್ಮ ದೇಶದ ಮಟ್ಟಿಗೆ ಅದಕ್ಕೆ ಉತ್ತರ ಇದೆ. 1944ರ ಮಾರ್ಚ್‌ನಲ್ಲಿ ಜಪಾನೀ ಸೇನಾಪತಿ ಮುತಾಗುಚಿ ರೆನ್ಯಾನ 15ನೇ ಸೇನೆ ಚಿಂದ್ವಿನ್ ನದಿ ದಾಟಿ ಇಂಫಾಲ ಮತ್ತು ಕೊಹಿಮಾದತ್ತ ಬಂತು. ರಸ್ತೆಯಿಲ್ಲದ ಬೆಟ್ಟಗಳು. ಟೈಪ್ 94 ಗುಡ್ಡಗಾಡಿನ ತೋಪನ್ನು 11 ಭಾಗವಾಗಿ ಬಿಚ್ಚಿ ಕುದುರೆ, ಆಳುಗಳ ಮೇಲೆ ಹೊರಿಸಬಹುದಿತ್ತು. ಆದರೆ ಗುಂಡುಗಳೂ ಹಾಗೆಯೇ ಬರಬೇಕಿತ್ತಲ್ಲ. ಮಳೆ ಶುರುವಾಗುವ ಹೊತ್ತಿಗೆ ಅನ್ನವೂ ಇಲ್ಲ, ಮದ್ದೂ ಇಲ್ಲ. ಕೊಹಿಮಾದಲ್ಲಿದ್ದ 31ನೇ ಡಿವಿಷನ್ನಿನ ನಾಯಕ ಸಾತೊ ಕೊತೊಕು ಮೇಲಿನವರ ಅಪ್ಪಣೆ ಮೀರಿ ತನ್ನ ಸೈನಿಕರನ್ನು ಹಿಂದಕ್ಕೆ ಕರೆದೊಯ್ದ. ಅಲ್ಲಿ ಹಾರಿದ ಒಂದೊಂದು ಗುಂಡೂ ಯಾರದೋ ಬೆನ್ನ ಮೇಲೆ ಬೆಟ್ಟ ಹತ್ತಿ ಬಂದದ್ದು. ಅದು ಬಿದ್ದದ್ದು ಅಂಗಾಮಿ ನಾಗಾಗಳ, ತಾಂಖುಲರ, ಮೈತೇಯಿಗಳ ಊರು ಗದ್ದೆಗಳ ಮೇಲೂ. ಕೊಹಿಮಾ ಸಮಾಧಿ ಸ್ಥಳದ ದಹನ ಸ್ಮಾರಕದಲ್ಲಿ 917 ಹಿಂದೂ, ಸಿಖ್ ಸೈನಿಕರ ನೆನಪಿದೆ.

ಕನ್ನಡಿಗರಿಗೆ ಇನ್ನೂ ಹತ್ತಿರದ ಎಳೆಯೊಂದಿದೆ. 1945ರ ಜನವರಿಯಲ್ಲಿ ಬರ್ಮಾದ ಅರಾಕಾನ್ ಕರಾವಳಿಯ ಕಾಂಗಾದಲ್ಲಿ ಜಪಾನೀ ತೋಪುಗಳ ಮುಂದೆ ನಿಂತ 51ನೇ ಬ್ರಿಗೇಡಿನ ಒಂದು ಪಡೆಯನ್ನು ನಡೆಸಿದವರು ಮಡಿಕೇರಿಯ ಕೆ.ಎಸ್. ತಿಮ್ಮಯ್ಯನವರು. ಥೋರಟ್, ಸೇನ್ ಉಳಿದ ಎರಡು ಪಡೆಗಳ ನಾಯಕರು. ತಿಮ್ಮಯ್ಯನವರ ಮನೆ ಸನ್ನಿ ಸೈಡ್ 2021ರಿಂದ ವಸ್ತುಸಂಗ್ರಹಾಲಯ. ಕೊಡಗಿಗೆ ಹೋಗುವ ಗೆಳೆಯರು ಅಲ್ಲಿ ಅರ್ಧ ದಿನ ಕಳೆದು ಬಂದರೆ ನಾನು ಚೀಟಿಯ ಬಗ್ಗೆ ಇಷ್ಟು ಹಟ ಹಿಡಿಯುವುದೇಕೆ ಎಂದು ತಿಳಿದೀತು.

ಮೂರನೆಯ ಕೋರಿಕೆಗೆ, ಅಂದರೆ ಕೊಳ್ಳುವ ವಿಚಾರಕ್ಕೆ ಬರುತ್ತೇನೆ. ಇಲ್ಲಿ ಮೆದುವಾಗಿ ಮಾತಾಡಲಾರೆ. ಮಣಿಪುರ, ನಾಗಾಲ್ಯಾಂಡ್‌ಗಳಲ್ಲಿ ಮನೆಗೆ ಪಾಯ ತೋಡುವಾಗ, ಗದ್ದೆ ಉಳುವಾಗ ಆ ಯುದ್ಧದ ಸರಕು ಇವತ್ತಿಗೂ ಮೇಲೆ ಬರುತ್ತದೆ. ನಿಮ್ಮ ಕಡೆಯಿಂದ ಒಳ್ಳೆಯ ಬೆಲೆ ಬರುತ್ತದೆಂದು ಗೊತ್ತಾದರೆ ಪೊಲೀಸರಿಗೆ ಹೇಳಬೇಕಾದ ಹುಡುಗ ಸ್ಪ್ಯಾನರ್ ಹುಡುಕುತ್ತಾನೆ. ಹಾರಿಸಿದ ಮೇಲೂ ಸಿಡಿಯದೆ ಉಳಿದ ಗುಂಡಿನಲ್ಲಿ ಸ್ಟ್ರೈಕರ್ ಪಿನ್ನನ್ನು ತಡೆದಿದ್ದ ಆ ಹಿತ್ತಾಳೆ ತುಂಡುಗಳು ಆಗಲೇ ಸರಿದುಹೋಗಿರುತ್ತವೆ. ಪಿನ್ನಿಗೆ ಬೇಕಾದ್ದು ಒಂದು ಚಿಕ್ಕ ಪೆಟ್ಟು. ಹಳೆಯದಾದಷ್ಟೂ ಸಾಧುವಾಗುತ್ತದೆ ಎಂಬುದು ಶುದ್ಧ ಸುಳ್ಳು. ಡಿಟೊನೇಟರಿನ ಲೆಡ್ ಅಜೈಡ್ ತೇವದಲ್ಲಿ ತಾಮ್ರದ ಅಂಶವಿರುವ ಲೋಹದೊಡನೆ ಕೂಡಿದರೆ ಮೊದಲಿಗಿಂತ ಮುಂಗೋಪಿಯಾದ ವಸ್ತು ಹುಟ್ಟಬಹುದು. ಜಪಾನೀಯರು ಬಹಳ ಕಾಲ ಬಳಸಿದ ಪಿಕ್ರಿಕ್ ಆಮ್ಲವೂ ಲೋಹದ ಜತೆ ಅದೇ ಬುದ್ಧಿ ತೋರಿಸುತ್ತದೆ. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಅನುಭವಿ ಸಂಗ್ರಾಹಕರೊಬ್ಬರು ಸತ್ತದ್ದು ಆ ದೇಶದ ಅಂತರ್ಯುದ್ಧದ, 140 ವರ್ಷ ಹಳೆಯ ಗುಂಡು ಸಿಡಿದು. 2020ರಲ್ಲಿ ಸೊಲೊಮನ್ ದ್ವೀಪಗಳ ಹೊನಿಯಾರಾದಲ್ಲಿ ಸತ್ತ ಇಬ್ಬರಂತೂ ಇಂಥ ಸರಕನ್ನು ಗುರುತಿಸುವ ಕೆಲಸಕ್ಕೇ ಬಂದಿದ್ದವರು. ಆದ್ದರಿಂದ ನೆಲದಿಂದ ಎದ್ದದ್ದನ್ನು ಮುಟ್ಟುವ ಹಕ್ಕು ಸೇನೆಯ ಇಲ್ಲವೇ ಪೊಲೀಸಿನ ಬಾಂಬ್ ತಂಡಕ್ಕೆ ಮಾತ್ರ. ಅವರು ಖಾಲಿ ಮಾಡಿ, ಬರೆದು ಕೊಟ್ಟ ಮೇಲೂ ಆ ಕಾಗದ ವಸ್ತುವಿನ ಜತೆಗೇ ಇರಲಿ.

ಕಾನೂನನ್ನೂ ನೋಡಿಕೊಳ್ಳಿ. 1959ರ ಆಯುಧ ಕಾಯ್ದೆ ಮದ್ದುಗುಂಡು ಎಂಬುದರ ವ್ಯಾಖ್ಯೆಯಲ್ಲೇ ಫ್ಯೂಸ್ ಅನ್ನೂ ಮದ್ದುಗುಂಡಿನ ಬಿಡಿಭಾಗಗಳನ್ನೂ ಸೇರಿಸಿದೆ. ಖಾಲಿ ಹಿತ್ತಾಳೆ ತಾನೇ ಎಂದು ಬ್ಯಾಗಿಗೆ ಹಾಕಿಕೊಂಡು ವಿಮಾನ ಹತ್ತುವವರು ಒಮ್ಮೆ ವಕೀಲರನ್ನು ಕೇಳಲಿ. ಇನ್ನೊಂದು ಕಡೆ, 1972ರ ಪ್ರಾಚ್ಯವಸ್ತು ಕಾಯ್ದೆಯ ರಕ್ಷಣೆ ಸಿಗಲು ವಸ್ತುವಿಗೆ 100 ವರ್ಷ ತುಂಬಬೇಕು. 1944ರಲ್ಲಿ ಮಾಡಿದ ಫ್ಯೂಸಿಗೆ ಅದು 2044ಕ್ಕೆ. ಅಪರಾಧವೆನ್ನಲು ಕಾನೂನು ಸಿದ್ಧವಿದೆ, ಪರಂಪರೆಯೆನ್ನಲು ಇನ್ನೂ ಸಿದ್ಧವಿಲ್ಲ. ಅಲ್ಲಿಯವರೆಗೆ ಏನು ಉಳಿಯಬೇಕು ಎಂಬ ತೀರ್ಪು ನಿಮ್ಮ ವೈಸಿನ ಮುಂದೆಯೇ ಆಗುವುದು.

ಸೀಳಲೇಬೇಕೆಂದರೆ ಹೀಗೆ ಸೀಳಿ. ಮೊದಲು ಎಲ್ಲ ಬದಿಯ ಫೋಟೊ ತೆಗೆಯಿರಿ. ಅಕ್ಷರದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಡಿ. ಅರ್ಧ ಸೀಳುವ ಬದಲು ಅಕ್ಷರಕ್ಕೆ ಬೆನ್ನಾದ ಕಡೆ ಕಾಲು ಭಾಗ ಮಾತ್ರ ತೆಗೆಯಿರಿ. ಒಳಗೆಲ್ಲ ಕಾಣಲು ಅಷ್ಟು ಸಾಕು, ಇದನ್ನು ಅನುಭವದಿಂದ ಹೇಳುತ್ತೇನೆ. ಕತ್ತರಿಸಿ ತೆಗೆದ ಚೂರನ್ನು ಎಸೆಯಬೇಡಿ, ಫ್ಯೂಸಿನದೇ ನಂಬರು ಹಾಕಿ ಪೊಟ್ಟಣದಲ್ಲಿಡಿ. ತುಕ್ಕು ತಿಂದು, ಅಕ್ಷರ ಹೋದ ತುಂಡು ಸಿಕ್ಕರೆ ಗರಗಸಕ್ಕೆ ಅದೇ ಯೋಗ್ಯ. ಅಪರೂಪದ ಬಗೆಯಾದರೆ ಮೂಲವನ್ನು ಮುಟ್ಟದೆ, ಅಚ್ಚಾದ ಚಿತ್ರಗಳನ್ನು ನೋಡಿ ಹಿತ್ತಾಳೆ ಸಲಾಕೆಯಿಂದ ಒಂದು ಸೀಳು ಮಾದರಿ ತಿರುವಿಸಿ, ಅದರ ಮೇಲೆ ನಕಲು ಎಂದು ಎದ್ದು ಕಾಣುವಂತೆ ಕೊರೆಸಿ. ಪೀಣ್ಯದಲ್ಲಿ ಆ ಕೆಲಸ ಬಲ್ಲ ಟರ್ನರ್‌ಗಳಿಗೆ ಕೊರತೆಯಿಲ್ಲ.

ಚೀಟಿ ಉದಾಹರಣೆಗೆ ಇಷ್ಟಿದ್ದರೆ ಸಾಕು: ತಯಾರಾದದ್ದು ಓಸಾಕಾದಲ್ಲಿ, ಶೋವಾ 18. ಸಿಕ್ಕಿದ್ದು ಉಖ್ರುಲ್ ದಾರಿಯ ಗದ್ದೆಯಲ್ಲಿ, ಇಂಥವರ ಹೊಲ. ಮದ್ದು ತೆಗೆದದ್ದು ಇಂಥ ತಂಡ, ಇಂಥ ದಿನ. ಸೀಳಿದವರು ಇಂಥವರು, ತೆಗೆದ ಚೂರು ಇಂಥ ಪೊಟ್ಟಣದಲ್ಲಿ. ಒಳಗಿನ ಭಾಗಗಳ ಪಟ್ಟಿ ಇದರ ಕೆಳಗೆ ಬರಲಿ.

ನಿಮ್ಮಲ್ಲಿ ಕೆಲವರು ಇದಕ್ಕೆ ಒಪ್ಪುವುದಿಲ್ಲ ಎಂದು ಗೊತ್ತು. ಅಪರೂಪದ್ದನ್ನೇ ಸೀಳಬೇಕು, ಪುಸ್ತಕದ ಚಿತ್ರಗಳಲ್ಲಿ ತಪ್ಪುಗಳಿರುತ್ತವೆ, ಕತ್ತರಿಸದೆ ಅವು ಗೊತ್ತಾಗುವುದಿಲ್ಲ ಎಂಬ ವಾದವನ್ನು ಕೇಳಿದ್ದೇನೆ. ಅದರಲ್ಲಿ ಹುರುಳಿದೆ. ಆದರೆ ಎಕ್ಸ್‌ರೇ ಹೇಳಲಾರದ ಯಾವ ಸಂಗತಿಯನ್ನು ಗರಗಸ ಹೇಳಿತು, ಅಂಥ ಒಂದು ಫ್ಯೂಸಿನ ಉದಾಹರಣೆ ಕೊಟ್ಟು ಬರೆಯಿರಿ. ಫೋಟೊ ಇದ್ದರೆ ಎರಡೂ ಬದಿಯದು ಕಳಿಸಿ.

ಇಂತಿ ನಿಮ್ಮ,
ಬೆಂಗಳೂರಿನ ಒಬ್ಬ ಹಳೆಯ ಟೂಲ್‌ರೂಮ್ ಕೆಲಸಗಾರ